ಮಲಗಿಸಬಾರದು

ಕೈ ನಡುಗತೊಡಗಿದ ವರ್ಷ
ಟೇಕಲ್ ರಸ್ತೆಯ ಸನಾವುಲ್ಲಾ ಸಾಹೇಬರು
ತಮ್ಮ ಓಮ್ನಿಯನ್ನು ನನಗೆ ಮಾರಿದರು.
ಕೀ ಕೊಟ್ಟರು, ಆರ್‌ಸಿ ಕೊಟ್ಟರು, ಚಾ ಕುಡಿಸಿದರು.
ಒಳಗಿದ್ದದ್ದರ ಬಗ್ಗೆ ಒಂದೇ ಮಾತು:
'ಏನನ್ನೂ ಕೀಳಬೇಡ. ಒಂದು ವರ್ಷ ಓಡಿಸು,
ಆಮೇಲೆ ಬೇಕಾದರೆ ಕೀಳು.'

ಹಿಂದಿನ ಸೀಟು ಎಂದೋ ಹೋಗಿತ್ತು.
ಅಲ್ಲೊಂದು ಮರದ ಚೌಕಟ್ಟು, ಎರಡೂ ಕಡೆಗೆ ಇಳಿಜಾರು,
ಮೇಲೆ ಕೂಡಿಕೊಂಡು, ಕೈಮುಗಿದ ಹಾಗೆ.
ಅದರ ಮೈಗೆ ಬಿಗಿದ ಹಳೇ ಚಂದ್ರಿಕೆ.
ವೇಮಗಲ್ಲಿನ ಯಾರ ಮನೆಯ ಹುಳು
ಹಣ್ಣಾಗಿ ಹತ್ತಿತ್ತೋ ಅದನ್ನು,
ಬಿದಿರಿನ ಸುರುಳಿಯ ಸಂದಿಯಲ್ಲಿ ಇನ್ನೂ
ಒಂದೆರಡು ಎಳೆ ಹೊಳೆಯುತ್ತಿದ್ದವು.
ಅಡಿಗೆ ಸೈಕಲ್ ಟ್ಯೂಬು ಸೀಳಿ ಹಾಸಿದ್ದು.
ಸೂರಿನಲ್ಲಿ ಮೂರು ಕೊಕ್ಕೆ, ಒಂದಕ್ಕೆ ಸೀರೆಯ ಅಂಚು.
ಟೊಮೇಟೊ ಕ್ರೇಟಿನಲ್ಲಿ ಸಿಲಿಕಾನು, ಬೀಡಿಂಗು,
ವಜ್ರದ ಮೊನೆಯ ಕಟ್ಟರು.
ಮತ್ತೆ, ಡ್ರೈವರ್ ಬೆನ್ನ ಹಿಂದೆ
ಒಂದು ಗೇಣಿನ ಗೂಡು. ಒಳಗೆ ಹತ್ತಿ.
ಅದು ಯಾತಕ್ಕೋ ಗೊತ್ತಾಗಲಿಲ್ಲ.

ನಾನು ಬುದ್ಧಿವಂತ.
ಮೊದಲ ವಾರವೇ ಚಂದ್ರಿಕೆ ಬಿಚ್ಚಿ
ಥರ್ಮಾಕೋಲು ಅಂಟಿಸಿದೆ. ಬೆಳ್ಳಗೆ, ನೀಟಾಗಿ,
ಆಸ್ಪತ್ರೆಯ ಹಾಗೆ ಕಾಣುತ್ತಿತ್ತು.
ಡೂಮ್‌ಲೈಟ್ ಸರ್ಕಲ್ಲು ದಾಟಿ ಎರಡನೇ ಹಂಪು.
ಸಲೂನಿಗೆಂದು ಕೊಯ್ದ ಐದಡಿಯ ಕನ್ನಡಿ
'ಟಕ್' ಎಂದಿತು, ಅಷ್ಟೇ.
ಗಾಜು ಒಡೆದರೆ ದೊಡ್ಡ ಸದ್ದು ಅಂದುಕೊಂಡವನು
ಗಾಜಿನ ಕೆಲಸದವನಲ್ಲ.
ಬಾಗಿಲು ಸರಿಸಿದರೆ ಕನ್ನಡಿಯಲ್ಲಿ
ನಾಲ್ಕು ಜನ ನಾನು, ನಾಲ್ವರ ಮುಖವೂ ಪೆಚ್ಚು.

ಥರ್ಮಾಕೋಲು ಕುಸಿಯುತ್ತೆ. ಬಿದಿರು ಮಣಿದು
ಮತ್ತೆ ಎದ್ದು ನಿಲ್ಲುತ್ತೆ.
ಅವತ್ತೇ ರಾತ್ರಿ ಟಾರ್ಚು ಕಚ್ಚಿಕೊಂಡು
ಚಂದ್ರಿಕೆಯನ್ನು ಅದೇ ಮೊಳೆಗಳಿಗೆ ಕಟ್ಟಿದೆ.

ಆಮೇಲೆ ಗಾಡಿಯೇ ಕಲಿಸತೊಡಗಿತು.
ಗಾಜನ್ನು ಮಲಗಿಸಬಾರದು.
ಮಲಗಿದ ಗಾಜಿಗೆ ತನ್ನ ಭಾರವೇ ಶತ್ರು,
ನಿಂತದ್ದು ಮುಳಬಾಗಿಲಿನವರೆಗೂ ನಿಂತೇ ಬರುತ್ತೆ.
ಹಾಳೆಗೂ ಹಾಳೆಗೂ ನಡುವೆ ನಿನ್ನೆಯ ಪೇಪರು,
ಅದರ ಮಡಿಕೆಯಲ್ಲಿ ಮರಳಿನ ಕಾಳೊಂದಿದ್ದರೆ
ಅಡಿಕೆ ಕತ್ತರಿಯೇ ಬೇಡ.
ಕೊನೆಗೆ ಇಳಿಯುವುದು ಮೊದಲು ಹತ್ತಬೇಕು.
ಇದನ್ನು ಅಂಬರೀಶನಿಗೆ ಹೇಳಿಕೊಡಲು ಆರು ತಿಂಗಳು.
ದಿನಾ ನರಸಾಪುರದ ಲೋಡಿನ ಹಿಂದೆ
ವಕ್ಕಲೇರಿಯದ್ದನ್ನು ಹೂತಿಡುತ್ತಿದ್ದ.
ಸೀರೆಯ ಅಂಚು ಕನ್ನಡಿಗೆ ಮಾತ್ರ.
ಹಗ್ಗ ಕಟ್ಟಿದರೆ ಪಾದರಸದ ಬೆನ್ನಿಗೆ ಗಾಯ,
ಮುಂದಿನಿಂದ ನೋಡಿದವರಿಗೆ ಕಪ್ಪು ಗೆರೆ,
ಅದನ್ನು ತಮ್ಮ ಮುಖದ್ದೇ ಅಂದುಕೊಳ್ಳುತ್ತಾರೆ.

'ಈ ಗೂಡು ಕಿತ್ತರೆ ಚಾರ್ಜರ್ ಇಡಬಹುದಣ್ಣಾ,'
ಅಂದ ಅಂಬರೀಶ.
ವರ್ಷವೂ ತುಂಬಿತ್ತು. ಆದರೂ ಕೇಳಿಬಿಡೋಣ ಅಂತ
ಟೇಕಲ್ ರಸ್ತೆಗೆ ಹೋದೆ.

ಸಾಹೇಬರು ಚಾ ಲೋಟವನ್ನು
ಈಗ ಎರಡೂ ಕೈಯಲ್ಲಿ ಹಿಡಿಯುತ್ತಾರೆ.
ನಾನು ಹೇಳಿದ್ದೆಲ್ಲ ಕೇಳಿದರು,
ಥರ್ಮಾಕೋಲಿನ ಸಂಗತಿಗೆ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು.
'ಆ ಗೂಡಾ? ಅದು ಮೊಟ್ಟೆಗೆ.'
ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.
'ಇವಳು ಹೇಳೋಳು: ಊರವರ ಗಾಜೆಲ್ಲ
ನೆಟ್ಟಗೆ ತಲುಪಿಸ್ತೀಯ,
ಮನೆಗೆ ತರೋ ಆರು ಮೊಟ್ಟೆ ಮಾತ್ರ ದಿನಾ ಒಡಕು.'
'ದಿನಾ ಏನಿಲ್ಲ,' ಅಂತ ಒಳಗಿನಿಂದ ದನಿ,
'ಶುಕ್ರವಾರ ಶುಕ್ರವಾರ.'

ಮೊನ್ನೆ ಬಂಗಾರಪೇಟೆಯಿಂದ ಬರುವಾಗ
ಹಿಂದೆ ಒಂದು ಚೂರೂ ಗಾಜಿರಲಿಲ್ಲ.
ಹತ್ತಿಯ ಗೂಡಿನಲ್ಲಿ ಆರು.
ಪ್ರತಿ ಹಂಪಿಗೂ ಎರಡನೇ ಗೇರಿಗೆ ಇಳಿದೆ.
'ಯಾವ ಲೋಡಣ್ಣಾ ಇದು?' ಅಂದ ಅಂಬರೀಶ.
ಹಿಂದಿನ ಲಾರಿಯವನು
ಹಾರ್ನು ಒತ್ತುತ್ತಲೇ ಇದ್ದ.